ಹೊಳೆಗೆ ಎದುರಾಗಿ ಈಜುವ ಮೀನು



ವಿಜಯಪುರ, ತಿಕೋಟಾ, ಬಬಲೇಶ್ವರದ ಬಿಸಿಲಲ್ಲಿ ಕುಳಿತು ಬೆಟ್ಟದ ಹೊಳೆಯ ಮೀನಿನ ಮಾತೇಕೆ ಎನ್ನುವಿರಾ? ಸ್ವಲ್ಪ ತಾಳಿ.

ಉತ್ತರ ಅಮೆರಿಕದ ಪಶ್ಚಿಮ ಭಾಗದ ಸ್ಟೀಲ್‌ಹೆಡ್ ಟ್ರೌಟ್ ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆ ಹತ್ತುತ್ತದೆ. ಅದನ್ನು ಹಿಡಿಯುವ ಒಂದು ವಿಧಾನ ಫ್ಲೈ ಫಿಶಿಂಗ್. ಗರಿ, ನೂಲು ಸುತ್ತಿದ ಗಾಳವೇ ಇಲ್ಲಿ ಹುಳದ ವೇಷ ಹಾಕುತ್ತದೆ. ಈ ಗಾಳ ಬಹಳ ಹಗುರ; ಅದನ್ನು ದೂರಕ್ಕೆ ಒಯ್ಯುವುದು ದಾರದ ತೂಕ.

ನಮ್ಮ ಕಾವೇರಿಯಲ್ಲೂ ಒಬ್ಬ ಪಯಣಿಗನಿದ್ದಾನೆ: ಡುಬ್ಬದ ಮಹಶೀರ್. ಇದು ಸಮುದ್ರಕ್ಕೆ ಹೋಗದು. ಮಳೆಗಾಲದಲ್ಲಿ ಮೊಟ್ಟೆಯಿಡಲು ಹೊಳೆಯ ಮೇಲ್ಭಾಗಕ್ಕೆ ಈಜುತ್ತದೆ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು! ಭೀಮೇಶ್ವರಿಯಲ್ಲಿ ಗಾಳಗಾರರು ರಾಗಿ ಉಂಡೆ ಸಿಕ್ಕಿಸಿ ಹಿಡಿದು, ತೂಗಿ, ನೀರಿಗೇ ಬಿಡುತ್ತಿದ್ದರು. ಆದರೂ 2018ರಲ್ಲಿ ಈ ಮೀನು ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಮರಳು ತೆಗೆತ, ಸಿಡಿಮದ್ದಿನ ಬೇಟೆ, ಹೊರಗಿನಿಂದ ತಂದುಬಿಟ್ಟ ಬೇರೆ ಮಹಶೀರ್ ಇದಕ್ಕೆ ಕಾರಣ. ದಾರಿಗೆ ಅಡ್ಡ ನಿಂತ ಅಣೆಕಟ್ಟುಗಳೂ ಕಾರಣ.

ಹಾಗೆಂದು ಅಣೆಕಟ್ಟು ಬೇಡವೆನ್ನಲಾದೀತೆ? ಕಟ್ಟಿ ನಿಲ್ಲಿಸಿದ ಕೃಷ್ಣೆಯ ನೀರನ್ನು ಮೇಲೆತ್ತಿಯೇ ನಿಮ್ಮ ಹೊಲಗಳಿಗೆ ಹರಿಸುತ್ತಾರೆ. ಉಪಾಯವೊಂದಿದೆ. ಅಮೆರಿಕದ ಕೊಲಂಬಿಯಾ ನದಿಯ ಬಾನೆವಿಲ್ ಅಣೆಕಟ್ಟಿನಲ್ಲಿ 1938ರಿಂದಲೂ ಮೀನಿನ ಮೆಟ್ಟಿಲುಗಳಿವೆ. ಒಂದಕ್ಕಿಂತ ಒಂದು ಎತ್ತರದ ತೊಟ್ಟಿಗಳನ್ನು ದಾಟುತ್ತ ಸ್ಟೀಲ್‌ಹೆಡ್ ಮೇಲೇರುತ್ತದೆ; ಅಲ್ಲಿ ಅದನ್ನು ಎಣಿಸುತ್ತಾರೆ ಕೂಡ. ಆದರೆ ಪ್ರತಿ ಜಾತಿಯ ಮೀನಿಗೂ ಈಜುವ ಶಕ್ತಿ ಬೇರೆ. ಅದನ್ನು ಅಳೆದು ಮೆಟ್ಟಿಲು ಕಟ್ಟಬೇಕು.

ನಾಳೆ ನಿಮ್ಮಲ್ಲೇ ಯಾರೋ ಅಣೆಕಟ್ಟಿನ ನಕ್ಷೆ ಬರೆಯುವಿರಿ. ಆಗ ಮೀನಿಗೂ ಒಂದು ದಾರಿ ಬರೆಯಿರಿ.