ನೀಲಗಿರಿಗೆ ನಿಮ್ಮಂಥವರು ಬೇಕು

ಪಿಯುಸಿಯೋ ಪ್ಲಸ್ ಟೂವೋ ಮುಗಿಸಿ ಮುಂದೇನು ಎಂದು ತಲೆ ಕೆಡಿಸಿಕೊಂಡಿರುವ ತಮ್ಮಂದಿರೇ, ತಂಗಿಯರೇ, ಆಕ್ಯುಪೇಷನಲ್ ಥೆರಪಿ ಓದಿ. ಲಕ್ವವೋ ಅಪಘಾತವೋ ಮನೋರೋಗವೋ ಕಿತ್ತುಕೊಂಡ ದಿನನಿತ್ಯದ ಕೆಲಸಗಳನ್ನು ಮನುಷ್ಯನಿಗೆ ಮರಳಿ ಕಲಿಸುವ ವಿದ್ಯೆ ಇದು. ಕಮಲಾ ನಿಂಬ್ಕರ್ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆದರು. ಇಂದು ಮಣಿಪಾಲದಲ್ಲೂ ವೆಲ್ಲೂರಿನಲ್ಲೂ ಕಲಿಸುತ್ತಾರೆ.

ಇದರ ನೀತಿ ಎಂಥದ್ದೆಂದು ತಿಳಿಯಲು ನೀಲಗಿರಿಯ ಗೂಡಲೂರಿನ ಚಹಾ ತೋಟಕ್ಕೆ ಬನ್ನಿ. ಎಲೆ ಕೊಯ್ಯುವ ಹೆಂಗಸೊಬ್ಬರಿಗೆ ಲಕ್ವ ಹೊಡೆದಿದೆ ಎಂದುಕೊಳ್ಳಿ. ಬಲಗೈ ಏಳುತ್ತದೆ, ಹೆಬ್ಬೆರಳು ತೋರುಬೆರಳು ಮಾತ್ರ ಕೂಡುವುದಿಲ್ಲ. ಅವೆರಡು ಕೂಡದೆ ಎರಡೆಲೆ ಒಂದು ಕುಡಿ ಚಿವುಟುವುದು ಹೇಗೆ? ನಾಲ್ಕು ದಿನ ಪ್ಲಾಸ್ಟಿಕ್ ಗೂಟ ಎತ್ತಿಡಿಸಿ, ಹತ್ತು ದಿನ ಎಂದು ದಾಖಲೆ ಬರೆದು ಕಳಿಸುವವರು ಇರಬಹುದು. ‘ಅಮ್ಮ ಇನ್ನು ಮೂಲೆಯಲ್ಲಿ ಕೂತಿರಲಿ’ ಎಂದು ಮಗ ಹೇಳಬಹುದು. ನೀವು ಕೇಳಬೇಕಾದದ್ದು ಆಕೆಯನ್ನು: ‘ಅಕ್ಕಾ, ಮೊದಲು ಯಾವ ಕೆಲಸ ನಿಮ್ಮ ಕೈಯಾರೆ ಆಗಬೇಕು?’ ತೋಟದ ಮಾತು ಬಿಟ್ಟು, ಕಕ್ಕಸಿಗೆ ಯಾರ ಹಂಗೂ ಇಲ್ಲದೆ ಹೋಗಿಬರಬೇಕು ಎಂದರೆ ಚಿಕಿತ್ಸೆ ಅಲ್ಲಿಂದಲೇ ಶುರು. ಆಗ ಮನೆಗೆ ಹೋಗಿ ನೋಡಬೇಕು, ಮಳೆಗೆ ಜಾರುವ ಮೆಟ್ಟಿಲು ನೋಡಬೇಕು, ಹಿಡಿದು ನಡೆಯಲು ಬಿದಿರು ಕಟ್ಟಿಸಬೇಕು. ಗಾಲಿಕುರ್ಚಿ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ಸುಲಭ. ಈ ಕಡಿದಾದ ಕಾಲುದಾರಿಯಲ್ಲಿ ಅದರ ಗಾಲಿ ಉರುಳುವುದಿಲ್ಲ.

ರೋಗಿಯ ಗುಟ್ಟು ಕಾಯುವುದು ಇನ್ನೂ ಕಷ್ಟದ ಮಾತು. ಲೇಮನ್, ಕಟ್‌ಬುಷ್ ಎಂಬ ಸಂಶೋಧಕರು 1952ರಲ್ಲೇ ನೀಲಗಿರಿಯ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ರಕ್ತದೋಷವನ್ನು ಗುರುತಿಸಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಕಾಯಿಲೆಯನ್ನು 21 ಬಗೆಯ ವೈಕಲ್ಯಗಳಲ್ಲಿ ಸೇರಿಸಿದೆ. ಈ ಕಾಯಿಲೆಯಿಂದ ಮೂಳೆ ನೋವಿನಲ್ಲಿ ನರಳುವ ಹುಡುಗಿ, ಆಯಾಸವಾಗದಂತೆ ಕೆಲಸ ಮಾಡುವ ಬಗೆ ಕಲಿಯಲು ನಿಮ್ಮ ಬಳಿ ಬರುತ್ತಾಳೆ. ಹಾಡಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಚಹಾದಂಗಡಿಯಲ್ಲಿ ನಿಮ್ಮ ಬಾಯಿಂದ ಜಾರಿದ ಒಂದು ಮಾತಿಗೆ ಅವಳ ಮದುವೆಯೇ ಮುರಿದುಬೀಳಬಹುದು.

ಒಪ್ಪಿಗೆಯೂ ಹಾಗೆಯೇ. ಅರ್ಥವಾಗದ ಕಾಗದಕ್ಕೆ ಒತ್ತಿಸಿಕೊಂಡ ಹೆಬ್ಬೆಟ್ಟನ್ನು ನಾನು ಒಪ್ಪಿಗೆ ಎನ್ನಲಾರೆ. ರೋಗಿಯ ಮಾತಿನಲ್ಲೇ ಹೇಳಿ, ಬೇಡ ಎನ್ನುವುದಕ್ಕೂ ಎಡೆ ಕೊಡಬೇಕು. ಇಲ್ಲಿನ ಬಡಗರ ನುಡಿ, ಕಾಟ್ಟುನಾಯಕರ ನುಡಿ ಕನ್ನಡಕ್ಕೆ ತೀರ ಹತ್ತಿರ. ಮಸಿನಗುಡಿಯಲ್ಲಂತೂ ಕನ್ನಡವೂ ಕಿವಿಗೆ ಬೀಳುತ್ತದೆ. ಕನ್ನಡ ಬಲ್ಲ ನಿಮಗೆ ಅರ್ಧ ದಾರಿ ಆಗಲೇ ಸವೆದಿದೆ.

ಆದಿವಾಸಿ ಮಕ್ಕಳೇ, ಇದು ಹೊರಗಿನವರ ಕೆಲಸ ಎಂದು ಹಿಂಜರಿಯಬೇಡಿ. ಗೂಡಲೂರಿನಲ್ಲಿ 1990ರಲ್ಲಿ ಶುರುವಾದ ಆದಿವಾಸಿ ಆಸ್ಪತ್ರೆ ನಿಮ್ಮ ಅಕ್ಕಂದಿರನ್ನೇ ನರ್ಸುಗಳಾಗಿ ತಯಾರು ಮಾಡಿತು. ನೀವು ಥೆರಪಿಸ್ಟರಾಗಿ.

2021ರ ಕೇಂದ್ರ ಕಾಯ್ದೆಯಿಂದ ಈ ವೃತ್ತಿಗೆ ನೋಂದಣಿಯೂ ನಡತೆಯ ಕಟ್ಟುಪಾಡೂ ಬಂದಿವೆ. ಈ ವರ್ಷವೇ ಅರ್ಜಿ ಹಾಕಿ. ಪದವಿ ಕೈಗೆ ಬಂದ ಮೇಲೆ ಬೆಂಗಳೂರು, ದುಬೈ ಎಲ್ಲಿಗಾದರೂ ಹೋಗಿ. ಮೊದಲ ಎರಡು ವರ್ಷ ಮಾತ್ರ ಈ ಬೆಟ್ಟಕ್ಕೆ ಕೊಡಿ.