ಮನೆ ಬಾಗಿಲ ವ್ಯಾಪಾರ: ದುಡಿದ ದುಡ್ಡು ಯಾರ ಕೈಯಲ್ಲಿ?

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನಿವೃತ್ತ ಕಾಲೇಜು ಉಪನ್ಯಾಸಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ.)



ಇಲ್ಲಿ ಕೂತಿರುವವರಲ್ಲಿ ಬಹಳ ಮಂದಿ ಮನೆಯಲ್ಲಿ ತೆಲುಗು ಆಡುವವರು, ಸಂಘದ ಪುಸ್ತಕ ಬರೆಯುವುದು ಕನ್ನಡದಲ್ಲಿ. ನಮ್ಮ ಮನೆಯೂ ಹಾಗೆಯೇ. ನನ್ನ ಮಾತು ಎಲ್ಲಾದರೂ ಪುಸ್ತಕದ ಭಾಷೆಯಾದರೆ ಅಲ್ಲೇ ನಿಲ್ಲಿಸಿ ಕೇಳಿ. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವಳಿಗೆ ಆ ಚಾಳಿ ಬೇಗ ಬಿಡುವುದಿಲ್ಲ.

ಹಪ್ಪಳ, ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮನೆ ಮನೆಗೆ ಹೋಗಿ ಮಾರುವುದು ಹೇಗೆ ಅಂತ ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ಅದನ್ನು ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ಒಂದು ಪ್ರಶ್ನೆ ಇದೆ. ಮಾರಿ ಬಂದ ದುಡ್ಡು ಸಾಯಂಕಾಲ ಯಾರ ಕೈಗೆ ಹೋಗುತ್ತದೆ?

ಈ ಪ್ರಶ್ನೆಯನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ಮದುವೆಯಾದವಳು. 'ಕೆಲಸದಲ್ಲಿರುವ ಹುಡುಗಿ, ನಮಗೇನೂ ಬೇಡ' ಎಂದು ಗಂಡಿನ ಕಡೆಯವರು ಅಂದರು. ವರದಕ್ಷಿಣೆ ಕೊಡದೆ ಮಗಳ ಮದುವೆ ಮಾಡಿದೆ ಎಂದು ನಮ್ಮಪ್ಪ ಊರೆಲ್ಲ ಹೇಳಿಕೊಂಡು ಓಡಾಡಿದರು. ಆಮೇಲೆ ಹನ್ನೊಂದು ವರ್ಷ ನನ್ನ ಸಂಬಳದ ಕವರನ್ನು ನಾನು ಒಡೆದು ನೋಡಿದ್ದಿಲ್ಲ. ಹಾಗೇ ತಂದು ಕೊಡುತ್ತಿದ್ದೆ. ಕಾಲೇಜಿಗೆ ಹೋಗುವ ಬಸ್ ಚಾರ್ಜನ್ನು ಬೆಳಿಗ್ಗೆ ಕೇಳಿ ಇಸಿದುಕೊಳ್ಳುತ್ತಿದ್ದೆ. ತರಗತಿಯಲ್ಲಿ ಆದಾಯ, ಉಳಿತಾಯ, ಹೂಡಿಕೆ ಎಂದು ಪಾಠ ಮಾಡುತ್ತಿದ್ದವಳು ನಾನು! ಏನೂ ಬೇಡ ಅಂದ ಆ ವರದಕ್ಷಿಣೆ ತಿಂಗಳು ತಿಂಗಳು ಕಂತಿನಲ್ಲಿ ಹೋಗುತ್ತಿತ್ತು ಎಂದು ನನಗೆ ತಡವಾಗಿ ಅರ್ಥವಾಯಿತು.

ನಾನು ಎಂ.ಎ. ಓದಿದವಳೇ ಹೀಗಿದ್ದೆ. ಆದ್ದರಿಂದ ಬುಟ್ಟಿ ಹೊತ್ತು ಬೀದಿಗೆ ಇಳಿಯುವ ಮುಂಚೆ ಲೆಕ್ಕದ ಮಾತು ಆಡೋಣ.

ನಿವೃತ್ತಿಯಾದ ಮೇಲೆ ನಮ್ಮ ಮನೆಗೆ ವಾರಕ್ಕೊಮ್ಮೆ ಒಬ್ಬ ಹೆಂಗಸು ಚಟ್ನಿಪುಡಿ ತರುತ್ತಿದ್ದಳು. ಕೈ ರುಚಿ ಬಹಳ ಚೆನ್ನಾಗಿತ್ತು. 'ಲಾಭ ಎಷ್ಟು ಬರುತ್ತಮ್ಮ?' ಎಂದು ಒಂದು ದಿನ ಕೇಳಿದೆ. 'ಐನೂರು ಚಿಲ್ಲರೆ ಮಿಗುತ್ತೆ ಮೇಡಂ' ಅಂದಳು. ಜಗಲಿಯ ಮೇಲೆ ಕೂತು ಇಬ್ಬರೂ ಲೆಕ್ಕ ಹಾಕಿದೆವು. ಬೆಲೆಗಳು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬೇರೆ ಇರುತ್ತವೆ. ನೀವು ಲೆಕ್ಕದ ರೀತಿಯನ್ನು ಮಾತ್ರ ನೋಡಿ.

ಅವಳು ಒಂದು ಸಲಕ್ಕೆ ಐದು ಕಿಲೋ ಸಾಮಾನು ತರುತ್ತಿದ್ದಳು. ಕಡಲೆಬೇಳೆ, ಉದ್ದಿನಬೇಳೆ, ಕೊಬ್ಬರಿ, ಒಣಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲ ಎಲ್ಲ ಸೇರಿ 900 ರೂಪಾಯಿ. ಹುರಿದು ಬೀಸಿದ ಮೇಲೆ 200 ಗ್ರಾಂನ 24 ಪೊಟ್ಟಣ ಆಗುತ್ತಿದ್ದವು. ಒಂದಕ್ಕೆ 60 ರೂಪಾಯಿಯಂತೆ 1,440. ಅದರಲ್ಲಿ 900 ಕಳೆದರೆ 540 ಲಾಭ ಎಂದು ಅವಳ ಎಣಿಕೆ. ಗಿರಣಿಗೆ 60, ಗ್ಯಾಸಿಗೆ 100, ಕವರು ಮತ್ತು ಚೀಟಿಗೆ 90, ಬಸ್ಸಿಗೆ 50 ಕೊಟ್ಟದ್ದು ಅವಳ ಲೆಕ್ಕದಲ್ಲೇ ಇರಲಿಲ್ಲ. ಅವನ್ನೂ ಸೇರಿಸಿದರೆ ಖರ್ಚು 1,200, ಉಳಿದದ್ದು 240. ಕಾಳು ಆರಿಸಿ, ಹುರಿದು, ಗಿರಣಿ ಮುಂದೆ ಕಾದು, ಪೊಟ್ಟಣ ಕಟ್ಟಲು ಆರು ಗಂಟೆ. ಬೀದಿ ತಿರುಗಲು ಇನ್ನಾರು ಗಂಟೆ. ಹನ್ನೆರಡು ಗಂಟೆಗೆ 240 ಎಂದರೆ ಗಂಟೆಗೆ 20 ರೂಪಾಯಿ. ಟೊಮ್ಯಾಟೊ ತೋಟದ ಕೂಲಿಗೆ ಹೋಗಿದ್ದರೆ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು. ಅದರ ಮೇಲೆ ನಾಲ್ಕು ಮನೆಯವರು ಸಾಲ ಹೇಳಿ ಕೊಡದೇ ಹೋದರೆ ನಾಲ್ಕು ಅರವತ್ತಲೆ 240, ಇಡೀ ವಾರದ ಸಂಪಾದನೆ ಅಲ್ಲಿಗೆ ಮುಗಿಯಿತು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, '80 ಅಂದರೆ ತಗೋತಾರಾ ಮೇಡಂ?' ಎಂದು ಕೇಳಿದಳು. ನಾಲ್ಕು ಪೊಟ್ಟಣ ಉಳಿದು 20 ಮಾತ್ರ ಹೋದರೂ 1,600 ಬರುತ್ತದೆ. ಖರ್ಚು ಕಳೆದು 400 ಮಿಗುತ್ತದೆ. ಹೆಚ್ಚು ಮಾರುವುದಕ್ಕಿಂತ ಸರಿಯಾದ ಬೆಲೆಗೆ ಮಾರುವುದು ಮುಖ್ಯ. ನಮ್ಮ ಹೆಂಗಸರಿಗೆ ಬೆಲೆ ಹೇಳಲು ನಾಚಿಕೆ. ಅಡುಗೆ ನಮಗೆ ಪುಕ್ಕಟೆ ಕೆಲಸವಾಗಿ ಅಭ್ಯಾಸವಾಗಿದೆ, ಅದಕ್ಕೂ ಕೂಲಿ ಇದೆ ಎನ್ನುವುದೇ ಮರೆತುಹೋಗಿದೆ. ನಿಮ್ಮ ಕೈಕೆಲಸದ ಗಂಟೆಯನ್ನು ಖರ್ಚಿನ ಪಟ್ಟಿಯಲ್ಲಿ ಮೊದಲು ಬರೆಯಿರಿ.

ಇನ್ನು ಏನು ಮಾಡಬೇಕು ಎನ್ನುವ ವಿಚಾರ. ಅಂಗಡಿಯಲ್ಲಿ ಸಿಗುವುದನ್ನೇ ಮಾಡಿದರೆ ಅಂಗಡಿಯ ಬೆಲೆಗೆ ಸೋಲುತ್ತೇವೆ. ನಮ್ಮ ನೆಲದಲ್ಲಿ ಬೆಳೆಯುವುದನ್ನು ನೋಡಿ. ರಾಗಿ ಇದೆ, ಹುರಿಹಿಟ್ಟು ಮತ್ತು ಮೊಳಕೆ ರಾಗಿಹಿಟ್ಟನ್ನು ಮಕ್ಕಳಿರುವ ಮನೆಯವರು ಕೇಳಿ ಕೊಳ್ಳುತ್ತಾರೆ. ಶ್ರೀನಿವಾಸಪುರದವರಿಗೆ ಮಾವಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಹಣ್ಣಿನ ರೇಟು ಬಿದ್ದು ತೋಟದವರು ಕಣ್ಣೀರು ಹಾಕಿದ ವರ್ಷಗಳನ್ನು ನೀವೇ ಕಂಡಿದ್ದೀರಿ. ಕಾಯಿಯಿದ್ದಾಗಲೇ ಉಪ್ಪು ಹಾಕಿ ಜಾಡಿಗೆ ತುಂಬಿದರೆ ಅದು ವರ್ಷವೆಲ್ಲ ದುಡಿಯುತ್ತದೆ. ಹುಣಸೆ ಇದೆ, ಹುರುಳಿ ಇದೆ. ಬಿಸಿಲು ಗಟ್ಟಿಯಾದಾಗ ಹಪ್ಪಳ, ಸಂಡಿಗೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ. ಅದನ್ನು ಮಾತ್ರ ಆ ದಿನವೇ ಮಾರಿ ಮುಗಿಸಬೇಕು. ಮೊದಲು ಎರಡೇ ಪದಾರ್ಥ ಹಿಡಿಯಿರಿ. ಪ್ರತಿಸಲವೂ ಅದೇ ರುಚಿ, ಅದೇ ಉಪ್ಪು, ಅದೇ ತೂಕ ಬರಬೇಕು. 200 ಗ್ರಾಂ ಎಂದರೆ 200 ಗ್ರಾಂ ಇರಲೇಬೇಕು. ಬಿಸಿಯಿದ್ದಾಗ ಕವರಿಗೆ ತುಂಬಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ, ಪೂರ್ತಿ ಆರಲಿ.

ಪೊಟ್ಟಣದ ಮೇಲೆ ಹೆಸರು, ಹಾಕಿದ ಸಾಮಾನು, ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು ಎಂದು ಬರೆಯಿರಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಮನೆಯಲ್ಲಿ ಮಾಡಿ ಮಾರುವ ಸಣ್ಣವರೂ ನೋಂದಣಿ ಮಾಡಿಸಿಕೊಳ್ಳಬೇಕು. 14 ಅಂಕಿಯ ನಂಬರು ಸಿಗುತ್ತದೆ, ಅದನ್ನೂ ಪೊಟ್ಟಣದ ಮೇಲೆ ಹಾಕಬೇಕು. ಈ ನೋಂದಣಿಯನ್ನು ಗಂಡನ ಹೆಸರಿನಲ್ಲಿ ಮಾಡಿಸಬೇಡಿ. ನಿಮ್ಮ ಹೆಸರಿನಲ್ಲೋ ಸಂಘದ ಹೆಸರಿನಲ್ಲೋ ಮಾಡಿಸಿ.

ಮಾರುವುದಕ್ಕೆ ಒಂದು ಕ್ರಮ ಬೇಕು. ಊರೆಲ್ಲ ಅಲೆದರೆ ಕಾಲು ನೋಯುತ್ತದೆ ಅಷ್ಟೆ. ನಲವತ್ತು ಮನೆ ಗೊತ್ತುಮಾಡಿಕೊಳ್ಳಿ. ವಾರದಲ್ಲಿ ಅದೇ ದಿನ, ಅದೇ ಹೊತ್ತಿಗೆ ಹೋಗಿ. ಒಗ್ಗರಣೆ ಹಾಕುವ ಹೊತ್ತಿನಲ್ಲಿ ಬಾಗಿಲು ತಟ್ಟಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಅಡುಗೆ ಮುಗಿದ ಹನ್ನೊಂದರ ಮೇಲೆ, ಇಲ್ಲವೇ ಸಂಜೆ ನಾಲ್ಕರ ಮೇಲೆ ಹೋಗಿ. ಒಂದು ಚಮಚ ರುಚಿಗೆ ಕೊಡಿ. ಮುಂದಿನ ವಾರ 'ಹೇಗಿತ್ತಕ್ಕಾ? ಖಾರ ಹೆಚ್ಚಾಯಿತಾ?' ಎಂದು ಕೇಳಿ. ಅವರು ಹೇಳುವ ತಪ್ಪು ನಿಮಗೆ ಲಾಭ. ಸಾಲ ಒಂದು ಸಲ ಮಾತ್ರ, ಅದೂ ಪುಸ್ತಕದಲ್ಲಿ ಬರೆದು. ಮಾಲೂರು, ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಿವೆ, ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ಅನ್ನಕ್ಕೆ ಕಲಸುವ ಪುಡಿ ಬೇಕು. ಅಲ್ಲಿಗೆ ಭಾನುವಾರ ಹೋಗಿ. ಯಾವಾಗಲೂ ಇಬ್ಬರು ಜೊತೆಯಾಗಿ ಹೋಗಿ, ಗೊತ್ತಿಲ್ಲದ ಮನೆಯ ಒಳಗೆ ಹೋಗಬೇಡಿ, ಕತ್ತಲಾಗುವ ಮುಂಚೆ ತಿರುಗಿ ಬನ್ನಿ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಬಾಗಿಲಲ್ಲಿ ನಿಂತಾಗ ಕೆಲವರು ಪೊಟ್ಟಣ ನೋಡುವ ಮುಂಚೆ 'ನೀವು ಯಾವ ಜನ?' ಎಂದು ಕೇಳುತ್ತಾರೆ. ಬಟ್ಟೆ ಮಾರುವವಳಿಗೆ ಕೇಳದ ಪ್ರಶ್ನೆಯನ್ನು ಅನ್ನ ಮಾರುವವಳಿಗೆ ಕೇಳುತ್ತಾರೆ. ಈ ಅವಮಾನ ಬಹಳ ಜನ ದಲಿತ ಸೋದರಿಯರನ್ನು ಬೀದಿಯ ತುದಿಯಿಂದಲೇ ವಾಪಸು ಕಳಿಸಿದೆ. ಇದಕ್ಕೆ ಒಬ್ಬಳೇ ಉತ್ತರ ಕೊಡುವುದು ಕಷ್ಟ, ಸಂಘ ಕೊಡಬಹುದು. ಎಲ್ಲ ಕೇರಿಯವರೂ ಒಂದೇ ಒಲೆಯ ಮುಂದೆ ಕೂತು ಮಾಡಿ, ಪೊಟ್ಟಣದ ಮೇಲೆ ಸಂಘದ ಹೆಸರು ಹಾಕಿ. ಕೇಳಿದವರಿಗೆ 'ನಾವು ಈ ಸಂಘದ ಜನ' ಎಂದು ಹೇಳಿ ಮುಂದಿನ ಮನೆಗೆ ನಡೆಯಿರಿ. ಆ ಒಂದು ಮನೆ ಹೋದರೆ ಹೋಗಲಿ. ಆದರೆ ಮೊದಲು ನಮ್ಮ ಸಂಘದೊಳಗೆ ಒಬ್ಬರ ಕೈಯ ಹಿಟ್ಟನ್ನು ಇನ್ನೊಬ್ಬರು ಮುಟ್ಟುತ್ತೇವೆಯೇ ಎಂದು ನಾವೇ ನೋಡಿಕೊಳ್ಳಬೇಕು.

ಒಟ್ಟಾಗಿ ಮಾಡಿದವರ ಒಂದು ಉದಾಹರಣೆ ಕೊಡುತ್ತೇನೆ. 1959ರ ಮಾರ್ಚ್ 15ರಂದು ಮುಂಬೈಯ ಗಿರ್‌ಗಾಂವ್‌ನಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ತಾರಸಿಯ ಮೇಲೆ ಹಪ್ಪಳ ಒತ್ತಿದರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಪರಿಚಯದ ವ್ಯಾಪಾರಿಯೊಬ್ಬನಿಗೆ ಮಾರಿದರು. ನಷ್ಟವಾದರೂ ಸರಿ, ಯಾರ ದಾನವನ್ನೂ ತೆಗೆದುಕೊಳ್ಳುವುದಿಲ್ಲ ಎಂದು ನಿರ್ಧಾರ ಮಾಡಿಕೊಂಡರು. ಅದೇ ಲಿಜ್ಜತ್ ಹಪ್ಪಳ. ಅಲ್ಲಿ ಹಿಟ್ಟು ಕಲಸುವುದು ಕೇಂದ್ರದಲ್ಲಿ, ಒತ್ತುವುದು ಮನೆಯಲ್ಲಿ. ಹಪ್ಪಳ ತಂದು ತೂಕ ಮಾಡಿಸಿದ ಹೆಂಗಸಿಗೆ ಕೂಲಿ ಸಲ್ಲುತ್ತದೆ. ಸದಸ್ಯೆಯರೆಲ್ಲರೂ ಒಡತಿಯರೇ, ನಲವತ್ತು ಸಾವಿರಕ್ಕೂ ಹೆಚ್ಚು ಜನ. ಆ ಏಳು ಜನರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅವರ ಎಂಬತ್ತು ರೂಪಾಯಿಗಿಂತ ಅವರ ಲೆಕ್ಕದ ಶಿಸ್ತು ದೊಡ್ಡದು.

ನಮ್ಮ ಜಿಲ್ಲೆಗೂ ಸಂಘ ಹೊಸದಲ್ಲ. 1980ರ ದಶಕದಲ್ಲೇ ಬಂಗಾರಪೇಟೆ ಕಡೆಯ ಕಾಮಸಮುದ್ರದ ಸುತ್ತ ಮೈರಾಡ ಸಂಸ್ಥೆ ಸಣ್ಣ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ ದೇಶದಲ್ಲಿ ಸಂಘಗಳಿಗೂ ಬ್ಯಾಂಕಿಗೂ ಸಂಬಂಧ ಕೂಡಿಸುವ ಕೆಲಸ ಶುರುಮಾಡಿತು. 2000-01ರಲ್ಲಿ ಸ್ತ್ರೀಶಕ್ತಿ ಬಂತು. ಸಾಲ ಸಿಗುವುದು ಈಗ ಕಷ್ಟವಲ್ಲ, ಸಾಲದ ಹಿಂದೆ ಬರುವ ಕಾಟವೇ ಕಷ್ಟ. ಕಿರುಸಾಲದವರ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆದ್ದರಿಂದ ಮೊದಲ ಐದು ಕಿಲೋ ನಿಮ್ಮ ಉಳಿತಾಯದಿಂದ ಆಗಲಿ. ಹತ್ತು ವಾರ ಮಾರಿ ನೋಡಿ, ಆಮೇಲೆ ಸಾಲದ ಮಾತು.

ಈಗ ಮತ್ತೆ ಆ ಚಟ್ನಿಪುಡಿಯ ಹೆಂಗಸಿನ ಹತ್ತಿರ ಬರುತ್ತೇನೆ. ಅವಳ ಬುಟ್ಟಿಯಲ್ಲಿ ಫೋನಿನಿಂದ ದುಡ್ಡು ಹಾಕುವ ಚೌಕುಳಿ ಕಾಗದ ಇತ್ತು. ನಾನು ಸ್ಕ್ಯಾನ್ ಮಾಡಿದೆ. ಫೋನಿನಲ್ಲಿ ಅವಳ ಮಗನ ಹೆಸರು ಬಂತು. ವಾರಕ್ಕೆ ಎಷ್ಟು ಬಂದಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಮುಂದಿನ ವಾರದ ಬೇಳೆಗೆ ಮಗನನ್ನೂ ಗಂಡನನ್ನೂ ಕೇಳುತ್ತಿದ್ದಳು. ನನ್ನ ಸಂಬಳದ ಕವರು ನೆನಪಾಯಿತು.

ಸಂಘದವರು ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಅವಳ ಹೆಸರಿನಲ್ಲೇ ಖಾತೆ ತೆರೆಸಿ, ಆ ಕಾಗದವನ್ನೂ ಬದಲಾಯಿಸಿದರು. ಆ ರಾತ್ರಿ ಮನೆಯಲ್ಲಿ ಅವಳಿಗೆ ಏಟು ಬಿತ್ತು. ಮರುದಿನ ಸಂಘದ ಎಂಟು ಜನ ಹೆಂಗಸರು ಹೋಗಿ ಅವಳ ಜಗಲಿಯ ಮೇಲೆ ಕೂತರು. ಕೂಗಾಡಲಿಲ್ಲ. 'ಇನ್ನೊಂದು ಸಲ ಕೈ ಎತ್ತಿದರೆ ನಾವೆಲ್ಲ ಸಾಕ್ಷಿ' ಎಂದಷ್ಟೇ ಹೇಳಿ ಸಾಯಂಕಾಲದವರೆಗೆ ಕೂತಿದ್ದರು. ಆಮೇಲೆ ಹೊಡೆತ ನಿಂತಿದೆ. ಮಗ ಇನ್ನೂ ಸರಿಯಾಗಿ ಮಾತಾಡಿಸುವುದಿಲ್ಲ. ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಬೇಳೆಗೆ ಈಗ ಯಾರನ್ನೂ ಕೇಳುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಪ್ರಕಾರ ಹೆಂಗಸು ತನ್ನ ಕೌಶಲದಿಂದ, ಶ್ರಮದಿಂದ ಗಳಿಸಿದ ಆಸ್ತಿಗೆ ಅವಳೇ ಪೂರ್ಣ ಒಡತಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ. ಹೊಡೆಯುವುದಷ್ಟೇ ಅಲ್ಲ, ಅವಳ ಹಣ, ಒಡವೆ, ಸ್ತ್ರೀಧನವನ್ನು ಅವಳಿಗೆ ಸಿಗದಂತೆ ಮಾಡುವುದನ್ನೂ ಅದು ಆರ್ಥಿಕ ದೌರ್ಜನ್ಯ ಎಂದು ಕರೆಯುತ್ತದೆ. ಮನೆಗೆ ಖರ್ಚು ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಫೀಸು, ಅತ್ತೆಯ ಔಷಧಿ ಎಲ್ಲಕ್ಕೂ ನಾವು ಕೊಡುತ್ತೇವೆ, ಕೊಡೋಣ. ಕೊಡುವ ಕೈ ನಮ್ಮದಾಗಿರಲಿ.

ಕೊನೆಯದಾಗಿ, ಮನೆ ಮನೆಗೆ ಹೋಗುವವರಿಗೆ ಬೇರೆಯವರು ಕಾಣದ್ದು ಕಾಣುತ್ತದೆ. ಬಾಗಿಲು ಅರ್ಧ ತೆರೆದು, ಸೆರಗಿನಲ್ಲಿ ಕೆನ್ನೆ ಮುಚ್ಚಿಕೊಂಡು 'ಇವತ್ತು ಬೇಡಮ್ಮ' ಅನ್ನುವ ಹೊಸ ಸೊಸೆ ಕಾಣುತ್ತಾಳೆ. ಅಲ್ಲೇ ಪ್ರಶ್ನೆ ಕೇಳಬೇಡಿ, ಒಳಗೆ ಯಾರೋ ಕೇಳಿಸಿಕೊಳ್ಳುತ್ತಿರುತ್ತಾರೆ. ಮುಂದಿನ ವಾರವೂ ಹೋಗಿ, ಅದರ ಮುಂದಿನ ವಾರವೂ ಹೋಗಿ. ಪರಿಚಯ ಬೆಳೆದು ಅವಳು ಒಬ್ಬಳೇ ಇದ್ದಾಗ 181 ಎನ್ನುವ ಮಹಿಳಾ ಸಹಾಯವಾಣಿಯ ನಂಬರನ್ನು ಬಾಯಿಪಾಠ ಮಾಡಿಸಿ, ಸಂಘದ ಸಭೆ ಯಾವ ದಿನ ಎಂದು ಹೇಳಿ. ಬುಟ್ಟಿ ಹೊತ್ತವಳು ಬಾಗಿಲಿಗೆ ಬಂದರೆ ಯಾರೂ ಅನುಮಾನ ಪಡುವುದಿಲ್ಲ.

ಮುಂದಿನ ವಾರದ ಸಭೆಗೆ ನಿಮಗೆಲ್ಲ ಮೂರು ಕೆಲಸ. ಒಂದು, ಏನು ಮಾಡುತ್ತೀರೋ ಅದರ ಪೂರ್ತಿ ಖರ್ಚನ್ನು ನಿಮ್ಮ ಕೂಲಿ ಸೇರಿಸಿ ಬರೆದು ತನ್ನಿ. ಎರಡು, ನಲವತ್ತು ಮನೆಗಳ ಪಟ್ಟಿ ತನ್ನಿ. ಮೂರು, ನಿಮ್ಮ ಹೆಸರಿನ ಬ್ಯಾಂಕ್ ಪುಸ್ತಕ ತನ್ನಿ. ಅದು ಯಾರ ಬೀರುವಿನಲ್ಲಿದೆ ಎಂದು ಹುಡುಕಬೇಕಾಗಿ ಬಂದರೆ ಅಲ್ಲಿಂದಲೇ ನಮ್ಮ ಮಾತು ಶುರುಮಾಡೋಣ.