ಯಂತ್ರದ ಉತ್ತರ, ನಮ್ಮ ಕಲಿಕೆ



ಟೆಲಿವಿಷನ್ ಸ್ಟುಡಿಯೋದಲ್ಲಿ ಟೆಲಿಪ್ರಾಂಪ್ಟರ್ ಎಂಬ ಸಾಧನವೊಂದಿದೆ. ಕ್ಯಾಮೆರಾದ ಮುಂದಿನ ಗಾಜಿನ ಮೇಲೆ ಅಕ್ಷರಗಳು ಸರಿಯುತ್ತಿರುತ್ತವೆ. ಭಾಷಣಕಾರರು ಅದನ್ನು ನೋಡಿ ಓದುತ್ತಾರೆ. ಮನೆಯಲ್ಲಿ ಕುಳಿತು ನೋಡುವ ನಿಮಗೆ ಅವರಿಗೆ ಎಲ್ಲವೂ ಬಾಯಿಪಾಠವಾಗಿದೆಯೆಂದೇ ತೋರುತ್ತದೆ. ಒಂದು ದಿನ ಅದು ಕೆಟ್ಟುಹೋಯಿತು. ಇಬ್ಬರು ಅತಿಥಿಗಳ ಭಾಷಣವನ್ನು ಅದಿಲ್ಲದೆಯೇ ಮುದ್ರಿಸಿಕೊಳ್ಳಬೇಕಾಯಿತು. ತಮ್ಮ ಭಾಷಣವನ್ನು ತಾವೇ ಬರೆದಿದ್ದವರು ಸ್ವಲ್ಪ ತಡವರಿಸಿದರೂ ಸ್ವಂತ ಮಾತಿನಲ್ಲಿ ವಿಷಯವನ್ನು ಮುಗಿಸಿದರು. ಇನ್ನೊಬ್ಬರಿಂದ ಬರೆಸಿ ತಂದಿದ್ದವರು ಎರಡು ವಾಕ್ಯ ಹೇಳಿ ಸುಮ್ಮನಾದರು. ಅವರ ಮುಖದಲ್ಲಿದ್ದ ಮುಜುಗರ ನನಗೆ ಇಂದಿಗೂ ನೆನಪಿದೆ.

ಕೃತಕ ಬುದ್ಧಿಮತ್ತೆಯ ಬಗ್ಗೆ ಯೋಚಿಸುವಾಗಲೆಲ್ಲ ಈ ಘಟನೆ ಕಣ್ಣಮುಂದೆ ಬರುತ್ತದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂದಿತು. ಇಂಥ ಯಂತ್ರಗಳು ಅಪಾರ ಪ್ರಮಾಣದ ಬರಹಗಳಿಂದ ಪದಗಳ ಸಂಬಂಧವನ್ನು ಗ್ರಹಿಸಿ, ಒಂದು ಪದದ ನಂತರ ಯಾವುದು ಬರಬಹುದೆಂದು ಲೆಕ್ಕಹಾಕುತ್ತ ವಾಕ್ಯಗಳನ್ನು ಕಟ್ಟುತ್ತವೆ. ಆದ್ದರಿಂದಲೇ ಅವು ತಪ್ಪನ್ನೂ ಸರಿಯಷ್ಟೇ ಧೈರ್ಯವಾಗಿ ಹೇಳಬಲ್ಲವು.

ಇದರಿಂದ ಕಲಿಕೆಗೆ ಏನಾಗುತ್ತದೆ? 2023ರಲ್ಲಿ ಟರ್ಕಿ ದೇಶದ ಒಂದು ಪ್ರೌಢಶಾಲೆಯಲ್ಲಿ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳ ಗಣಿತ ತರಗತಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಪಠ್ಯಪುಸ್ತಕ, ಟಿಪ್ಪಣಿಗಳು ಮಾತ್ರ. ಕೆಲವರಿಗೆ ಕೇಳಿದ್ದಕ್ಕೆಲ್ಲ ಉತ್ತರಿಸುವ ಯಂತ್ರ. ಉಳಿದವರಿಗೆ ಉತ್ತರ ಹೇಳದೆ, ಅಧ್ಯಾಪಕರು ಸಿದ್ಧಪಡಿಸಿದ ಸುಳಿವುಗಳನ್ನಷ್ಟೇ ಕೊಡುವ ಯಂತ್ರ. ಅಭ್ಯಾಸದ ಹೊತ್ತಿನಲ್ಲಿ ಎರಡನೆಯ ಗುಂಪಿನವರು ಪುಸ್ತಕದವರಿಗಿಂತ ಶೇಕಡಾ 48ರಷ್ಟು ಮುಂದಿದ್ದರು. ಯಂತ್ರವನ್ನು ತೆಗೆದು ಪರೀಕ್ಷೆ ಕೊಟ್ಟಾಗ ಅವರೇ ಶೇಕಡಾ 17ರಷ್ಟು ಹಿಂದೆ ಬಿದ್ದರು! ಆದರೂ ತಾವು ಕಡಿಮೆ ಕಲಿತಿದ್ದೇವೆಂದು ಅವರಿಗೆ ಅನಿಸಿರಲಿಲ್ಲ. ಸುಳಿವು ಪಡೆದ ಗುಂಪಿಗೆ ಇಂಥ ನಷ್ಟವಾಗಲಿಲ್ಲ. ಹಾಗಾದರೆ ತಪ್ಪು ಯಂತ್ರದ್ದು ಮಾತ್ರವಲ್ಲ, ನಾವು ಅದನ್ನು ಬಳಸುವ ರೀತಿಯದೂ ಹೌದು, ಅಲ್ಲವೇ?

ಇನ್ನೊಂದು ಸಂಗತಿಯನ್ನೂ ಗಮನಿಸಿ. ಯಂತ್ರದ ಬರಹವನ್ನು ಪತ್ತೆಹಚ್ಚುತ್ತೇವೆನ್ನುವ ಸಾಧನಗಳೂ ಬಂದಿವೆ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವತಃ ಬರೆದಿದ್ದ 91 ಪ್ರಬಂಧಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಇಂಥ ಏಳು ಸಾಧನಗಳಿಗೆ ಒಪ್ಪಿಸಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಯಂತ್ರದವೆಂಬ ತೀರ್ಪು ಬಂತು. ಸರಳ ಪದಗಳಲ್ಲಿ ಬರೆದದ್ದೇ ಅವರಿಗೆ ಮುಳುವಾಯಿತು. ಕನ್ನಡ ಮಾಧ್ಯಮದಲ್ಲಿ ಓದಿ, ಕಾಲೇಜಿನಲ್ಲಿ ಕಷ್ಟಪಟ್ಟು ಇಂಗ್ಲಿಷ್ ಬರೆಯುವ ಹುಡುಗಿಯೊಬ್ಬಳನ್ನು ಹೀಗೆ ಅನುಮಾನಿಸಿದರೆ ಅವಳ ಮನಸ್ಸಿಗೆ ಎಷ್ಟು ನೋವಾದೀತು! ಒಬ್ಬರು ನಕಲು ಮಾಡಿದರೆ ಅದರ ನೆರಳು ಪ್ರಾಮಾಣಿಕರ ಮೇಲೂ ಬೀಳುತ್ತದೆ. ಉಪಾಧ್ಯಾಯರೂ ಕೇವಲ ಸಾಧನದ ಮಾತನ್ನು ನಂಬದೆ, ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳುವುದು ಒಳ್ಳೆಯದು.

ಹಾಗೆಂದು ಈ ಯಂತ್ರವನ್ನು ಮುಟ್ಟಲೇಬಾರದೆಂದು ನಾನು ಹೇಳುತ್ತಿಲ್ಲ. ಮೊದಲು ಲೆಕ್ಕವನ್ನು ನೀವೇ ಮಾಡಿ. ಸಿಕ್ಕಿಕೊಂಡಲ್ಲಿ ಉತ್ತರವನ್ನು ಕೇಳಬೇಡಿ, ಸುಳಿವನ್ನು ಕೇಳಿ. ಅದು ಹೇಳಿದ್ದನ್ನು ಪುಸ್ತಕದೊಡನೆ ತಾಳೆ ನೋಡಿ. ಅದರ ನೆರವು ಪಡೆದಿದ್ದರೆ ಅಧ್ಯಾಪಕರಿಗೆ ತಿಳಿಸಿ. ನಿಮ್ಮ ಕರಡು ಪ್ರತಿಗಳನ್ನು ಜೋಪಾನವಾಗಿಡಿ. ಕೊನೆಗೆ ಎಲ್ಲವನ್ನೂ ಮುಚ್ಚಿಟ್ಟು, ಕಲಿತದ್ದನ್ನು ಗೆಳೆಯನೊಬ್ಬನಿಗೆ ವಿವರಿಸಿ ನೋಡಿ. ವಿವರಿಸಲು ಬಂದಷ್ಟು ಮಾತ್ರ ನಿಮ್ಮದು.

ಎಂದಾದರೊಂದು ದಿನ ನಿಮ್ಮ ಮುಂದಿನ ಪರದೆಯೂ ಆರಿಹೋಗಬಹುದು. ಆಗ ಮಾತು ಮುಂದುವರಿಸಬೇಕಾದವರು ನೀವೇ. ಅದಕ್ಕೆ ಇಂದಿನಿಂದಲೇ ಸಿದ್ಧರಾಗಿ.